ಒಂದು ಮನೆಗೆ ಒಂದೇ ಬೀಗದ ಕೈ

ಆ ಮನೆಯಲ್ಲಿ ಸಾರು ಆರಿಹೋಗುತ್ತಿದ್ದುದು ದೇವರ ವಾಕ್ಯದಿಂದಲೇ.

ಸಂಜೆ ಊಟದ ಮೇಜಿನ ಸುತ್ತ ಐವರೂ ಕೂತು, ಒಂದು ಅಧ್ಯಾಯ ಓದಿ, ಪ್ರಾರ್ಥನೆ ಮಾಡಿ, ಆಮೆನ್ ಅಂದು ಕಣ್ಣು ಬಿಡುವವರೆಗೆ ಎಲ್ಲವೂ ಚೆನ್ನಾಗಿರುತ್ತಿತ್ತು. ಆಮೇಲೆ ಯಾರಾದರೊಬ್ಬರು ಗಲ್ಲಿಯ ಸುದ್ದಿ ಎತ್ತುತ್ತಿದ್ದರು. ಅದರ ಮೇಲೆ ಒಬ್ಬರು ಸತ್ಯವೇದದಿಂದ ಒಂದು ಮಾತು ಎಸೆದರೆ, ಎದುರು ಕೂತವರು ಅದಕ್ಕಿಂತ ತೂಕದ ಇನ್ನೊಂದನ್ನು ಹುಡುಕಿ ಎಸೆಯುತ್ತಿದ್ದರು. ಅಜ್ಜಿಗೆ ಹಲ್ಲು ಸಾಲದು. ಬ್ರೆಡ್ಡನ್ನು ಬಿಸಿ ಸಾರಿನಲ್ಲಿ ನೆನೆಸಿ ತಿನ್ನಬೇಕು. ಆರಿದ ಸಾರಿನಲ್ಲಿ ಬ್ರೆಡ್ಡಿನ ಅಂಚು ನೆನೆಯುವುದಿಲ್ಲ. ಆಗ ಸೊಸೆ ಅಂಚನ್ನು ಕತ್ತರಿಸಿ, ಮೆತ್ತಗಿನ ಒಳಭಾಗವನ್ನು ಅತ್ತೆಯ ತಟ್ಟೆಗಿಟ್ಟು, ಅಂಚನ್ನು ತಾನು ತಿನ್ನುತ್ತಿದ್ದಳು. “ನನಗೆ ಅಂಚೇ ಇಷ್ಟ ಅತ್ತೆ” ಅನ್ನುತ್ತಿದ್ದಳು. ಅಜ್ಜಿ ನಂಬಿದವರ ಹಾಗೆ ತಲೆಯಾಡಿಸುತ್ತಿದ್ದರು.

ಈ ಸಲದ ಜಗಳ ನೀರಿನದು. ಗಲ್ಲಿಯ ಕೊನೆಯ ಮನೆ ಇವರದು. ಮನೆಯ ಎದುರಿಗೇ ಗಲ್ಲಿಯವರೆಲ್ಲ ಕುಡಿಯುವ ನೀರು ಹಿಡಿಯುವ ನಲ್ಲಿ. ಅದರ ಪಕ್ಕಕ್ಕೆ ಗಲ್ಲಿ ಮುಗಿದು ಖಾಲಿ ಮೈದಾನ ಶುರುವಾಗುತ್ತದೆ. ಹೊಸ ಸೇತುವೆಯ ಕೆಲಸಕ್ಕೆಂದು ದೂರದಿಂದ ಬಂದ ಕೆಲವು ಸಂಸಾರಗಳು ಆ ಮೈದಾನದಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದವು. ನಲ್ಲಿಯಲ್ಲಿ ನೀರು ಬೆಳಕು ಹರಿಯುವ ಮೊದಲೇ ಬಂದು, ಬಿಸಿಲೇರುವಷ್ಟರಲ್ಲಿ ನಿಂತುಹೋಗುತ್ತದೆ. ಗುಡಿಸಲಿನ ಹೆಂಗಸರು ಕೆಲಸಕ್ಕೆ ಹೊರಡುವ ಮುಂಚೆ ಕ್ಯಾನು ಹಿಡಿದು ಬರುತ್ತಿದ್ದರು. ಹೊಸ ಮುಖ ಕಂಡರೆ “ಯಾರ ಮನೆಯವರು?” ಎಂದು ಕೇಳುವುದು ಆ ಗಲ್ಲಿಯ ಹಳೆಯ ಅಭ್ಯಾಸ. ಈ ಹೆಂಗಸರನ್ನು ದಿನವೂ ಕೇಳುತ್ತಿದ್ದರು. ನಿನ್ನೆ ಕೇಳಿದವರೇ ಇವತ್ತೂ ಕೇಳುತ್ತಿದ್ದರು. ಅವರು ಮೈದಾನದ ಕಡೆ ಕೈ ತೋರಿಸಿ ಸಾಲಿನಲ್ಲಿ ನಿಲ್ಲುತ್ತಿದ್ದರು.

ಅಷ್ಟರಲ್ಲಿ ಯಾರದೋ ಸೈಕಲ್ ಕಾಣೆಯಾಯಿತು. ಚುನಾವಣೆಯೂ ಹತ್ತಿರ ಬಂದಿತ್ತು. ಒಂದು ಪಕ್ಷದವರು ‘ಹೊರಗಿನವರು ಹೊರಗೇ’ ಎಂದೂ, ಇನ್ನೊಂದು ಪಕ್ಷದವರು ‘ನೀರು ಎಲ್ಲರದು’ ಎಂದೂ ಒಂದೇ ಗೋಡೆಗೆ ಕಾಗದ ಅಂಟಿಸಿ ಹೋದರು. ಗಲ್ಲಿಯವರು ಸೇರಿ, ಮೈದಾನದ ಬದಿಗೆ ಕಬ್ಬಿಣದ ಗೇಟು ಹಾಕಿಸಿ, ಸಂಜೆಯಿಂದ ಬಿಸಿಲೇರುವವರೆಗೆ ಬೀಗ ಹಾಕುವುದೆಂದು ತೀರ್ಮಾನಿಸಿದರು. ಬೀಗ ಮಾಡಿಕೊಡುವ ಕೆಲಸ ಅಜ್ಜಿಯ ಮಗನದು. ಅವನಿಗೆ ದೊಡ್ಡ ರಸ್ತೆಯಲ್ಲಿ ಬೀಗದ ಅಂಗಡಿ ಇತ್ತು. ಆ ಊರಿನ ಅರ್ಧ ಬಾಗಿಲುಗಳು ಅವನ ಮಾತು ಕೇಳುತ್ತವೆ ಎಂದು ಜನ ತಮಾಷೆ ಮಾಡುತ್ತಿದ್ದರು.

“ಮನೆ ಬಾಗಿಲು ಮಾತ್ರ ಕೇಳಲ್ಲ,” ಎಂದು ಅವನ ಹೆಂಡತಿ ಸೇರಿಸುತ್ತಿದ್ದಳು. ಅವರ ಬಚ್ಚಲುಮನೆಯ ಚಿಲಕ ಕಿತ್ತುಹೋಗಿ ಬಹಳ ಕಾಲವಾಗಿತ್ತು.

ಅವತ್ತು ಆಮೆನ್ ಆದ ಕೂಡಲೇ ಮೊಮ್ಮಗಳು ಚಮಚ ಕೆಳಗಿಟ್ಟಳು. ಅವಳು ಕಾನೂನು ಓದುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ವಕೀಲಮ್ಮ ಅನ್ನುತ್ತಿದ್ದರು.

“ಅಪ್ಪಾ, ನೀನು ಆ ಬೀಗ ಮಾಡ್ತೀಯಾ?”

“ಮಾಡ್ತೀನಿ. ಒಪ್ಪಿಕೊಂಡಾಗಿದೆ.”

“ಐಗುಪ್ತ ದೇಶದಲ್ಲಿ ನೀವೂ ಪರದೇಶಿಗಳಾಗಿದ್ರಿ, ಅದಕ್ಕೇ ಪರದೇಶಿಯನ್ನ ಪ್ರೀತಿಸಿ ಅಂತ ಹೋದ ವಾರ ನೀನೇ ಓದಿದ್ದು.”

“ಅದಕ್ಕೂ ಹಿಂದಿನ ವಾರ ಏನು ಓದಿದ್ದೆ? ನೆಹೆಮೀಯ ಪಟ್ಟಣಕ್ಕೆ ಗೋಡೆ ಕಟ್ಟಿಸಿದ, ಬಾಗಿಲು ನಿಲ್ಲಿಸಿದ, ಬಿಸಿಲೇರೋವರೆಗೂ ಬಾಗಿಲು ತೆಗೀಬೇಡಿ ಅಂದ. ಗೇಟು ಹಾಕೋದು ಪಾಪ ಅಂತ ಎಲ್ಲೂ ಇಲ್ಲ.”

“ಅಲ್ಲಿ ಶತ್ರುಗಳು ಕತ್ತಿ ಹಿಡ್ಕೊಂಡು ನಿಂತಿದ್ರು ಅಪ್ಪ. ಇಲ್ಲಿ ಕ್ಯಾನು ಹಿಡ್ಕೊಂಡಿದ್ದಾರೆ.”

ಮೇಜಿನ ಆ ತುದಿಯಿಂದ ಅಜ್ಜಿಯ ತಮ್ಮ ಕೆಮ್ಮಿದ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಿಂದ ನಿವೃತ್ತನಾದ ಮೇಲೆ ಅಕ್ಕನ ಮನೆ ಸೇರಿದವನು, ಸೋಫಾದ ಮೂಲೆಯಿಂದ ಊಟಕ್ಕೆ ಮಾತ್ರ ಏಳುತ್ತಿದ್ದ. “ನನ್ನ ಕೇಳಿದ್ರೆ, ಈ ಸರ್ಕಾರ ಬಿಟ್ಟಿ ಕೊಟ್ಟು ಕೊಟ್ಟು ಜನರನ್ನ ಕೆಡಿಸಿದೆ. ದುಡಿಯೋಕೆ ಮನಸ್ಸಿಲ್ಲದವನು ಊಟಾನೂ ಮಾಡಬಾರದು ಅಂತ ಅಪೊಸ್ತಲನೇ ಬರೆದಿದ್ದಾನೆ.”

“ಚಿಕ್ಕಜ್ಜ, ಅವರು ಸೇತುವೆ ಕಟ್ತಿದ್ದಾರೆ. ನೀನು ಏನು ಕಟ್ತಿದ್ದೀಯ?”

“ಏಯ್, ದೊಡ್ಡವರಿಗೆ ಹಾಗೆಲ್ಲ—” ಎಂದು ಮಗ ಗದರಿದ.

ಸೊಸೆ ಎದ್ದು ನಿಂತಳು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದಿನವಿಡೀ ಹರಿದ ಹಾಸಿಗೆ ಬಟ್ಟೆ ಹೊಲಿಯುವವಳು. ಅವಳಿಗೆ ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿದಳು.

“ಮತ್ತೆ ಆರಿಹೋಯ್ತು. ಇದನ್ನ ಇವತ್ತಿಗೆ ಎರಡನೇ ಸಲ ಬಿಸಿ ಮಾಡ್ತಿದ್ದೀನಿ. ನಾಳೆಯಿಂದ ಈ ಮೇಜಿಗೆ ಒಂದು ನಿಯಮ. ಯಾರು ವಾಕ್ಯ ಎತ್ತುತ್ತಾರೋ ಅವರು ಮಾರನೇ ದಿನ ಊಟದೊಳಗೆ ಅದನ್ನ ತಾವು ಮಾಡಿ ತೋರಿಸಬೇಕು. ಮಾಡೋವರೆಗೂ ಇನ್ನೊಬ್ಬರ ಮೇಲೆ ಬೀಸೋ ಹಾಗಿಲ್ಲ.”

“ಇದೇನು, ಬಾಯಿಗೆ ಬೀಗ ಹಾಕೋ ಉಪಾಯ ಇದ್ದ ಹಾಗಿದೆಯಲ್ಲಮ್ಮ,” ಅಂದ ಅಜ್ಜಿಯ ತಮ್ಮ.

“ಬೀಗದವನ ಹೆಂಡತಿ ಅಲ್ವಾ ಮಾವ, ಇಷ್ಟಾದರೂ ಕಲಿಯಬೇಡ್ವಾ? ಇವತ್ತು ಎತ್ತಿದ್ದೂ ಲೆಕ್ಕಕ್ಕೆ ಸೇರುತ್ತೆ.”

ಅಜ್ಜಿ ಸಾರಿಗೆ ಬ್ರೆಡ್ಡು ಅದ್ದುವುದನ್ನು ಮರೆತು ಒಬ್ಬೊಬ್ಬರ ಮುಖವನ್ನೂ ನೋಡಿದರು. ವಯಸ್ಸಾದಂತೆ ಅವರ ಹಸಿವು, ನಿದ್ದೆ, ನಡಿಗೆ ಎಲ್ಲವೂ ಕಡಿಮೆಯಾಗಿದ್ದವು. ಕುತೂಹಲ ಮಾತ್ರ ಹಾಗೇ ಉಳಿದಿತ್ತು. ನಾಳೆ ಏನಾಗುತ್ತದೆ ಎಂದು ತಿಳಿಯುವ ಆಸೆಯಿಂದ ಅವರಿಗೆ ಆ ರಾತ್ರಿ ಬೇಗ ಮಲಗಬೇಕೆನಿಸಿತು.

*

ಮೊದಲು ಸಿಕ್ಕಿಬಿದ್ದವನು ಅಜ್ಜಿಯ ತಮ್ಮ. ಮಾರನೇ ದಿನ ಊಟಕ್ಕೆ ಕೂತರೆ ಅವನ ತಟ್ಟೆ ಬೋರಲಾಗಿತ್ತು.

“ಇದೇನಮ್ಮ?”

“ದುಡಿಯದವರು ಉಣ್ಣಬಾರದಲ್ವಾ ಮಾವ,” ಅಂದಳು ಸೊಸೆ, ಬಹಳ ವಿನಯದಿಂದ. “ಆ ಬುಟ್ಟೀಲಿ ಬಟಾಣಿ ಇದೆ. ಸುಲಿದುಕೊಟ್ಟರೆ ತಟ್ಟೆ ತಾನಾಗೇ ತಿರುಗುತ್ತೆ.”

ಅವನು ಅಕ್ಕನ ಮುಖ ನೋಡಿದ. ಅಕ್ಕ ಕಿಟಕಿಯ ಕಡೆ ನೋಡಿದರು. ಬೇರೆ ದಾರಿ ಕಾಣದೆ ಬಟಾಣಿ ಸುಲಿಯುತ್ತಾ ಕೂತ. ಮೊದಲು ಗೊಣಗಿದ, ಆಮೇಲೆ ಸಿಪ್ಪೆ ಬಿಡಿಸುವ ಸದ್ದು ಒಂದು ಹದಕ್ಕೆ ಬಂತು. “ಟಿಕೆಟ್ ಪಂಚ್ ಮಾಡಿದ ಹಾಗೇ ಇದೆ,” ಅಂದ. ಮಾರನೇ ದಿನ ಯಾರೂ ಹೇಳದೆ ಆಲೂಗಡ್ಡೆ ಸುಲಿದಿಟ್ಟಿದ್ದ. ಅರ್ಧ ಆಲೂಗಡ್ಡೆ ಸಿಪ್ಪೆಯ ಜೊತೆಗೇ ಹೋಗಿತ್ತು. ಸೊಸೆ ಆ ಸಿಪ್ಪೆಯನ್ನೂ ತೊಳೆದು ಹುರಿದು, “ಎಷ್ಟು ಚೆನ್ನಾಗಿ ದಪ್ಪಗೆ ಸುಲಿದಿದ್ದೀರಿ” ಎಂದು ಬಡಿಸಿದಳು.

ಮಗನ ವಾಕ್ಯ ಹೇಗೆ ಮಾಡಿ ತೋರಿಸುವುದೆಂದು ಸ್ವಲ್ಪ ಚರ್ಚೆಯಾಯಿತು. “ಗೇಟಿಗೆ ಬೀಗ ಮಾಡ್ತಿದ್ದೀನಲ್ಲ, ಅದೇ ನೆಹೆಮೀಯನ ಕೆಲಸ,” ಅಂದ ಅವನು.

“ಅಷ್ಟೇನಾ ಅವನ ಕೆಲಸ?” ಅಜ್ಜಿ ಕೇಳಿದರು. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. ಕನ್ನಡಕ ಹಾಕಿ ಹುಡುಕಿದರು. “ಇಲ್ಲಿ ನೋಡು. ಗೋಡೆ ಕಟ್ಟಿದವರ ಹೆಸರು ಸಾಲಾಗಿದೆ. ಆಮೇಲೆ, ಇಂಥವನು ತನ್ನ ಮನೆಯ ಎದುರಿನದನ್ನ ಸರಿಮಾಡಿದ. ಇನ್ನೊಬ್ಬನೂ ತನ್ನ ಮನೆಯ ಎದುರಿನದನ್ನೇ. ನಮ್ಮನೆ ಎದುರಿಗೆ ಏನಿದೆ?”

ಎಲ್ಲರೂ ಕಿಟಕಿಯಾಚೆ ನೋಡಿದರು. ಎದುರಿಗೆ ನಲ್ಲಿಯ ಕಟ್ಟೆ ಇತ್ತು. ಅದು ಒಡೆದು, ಕಲ್ಲು ಅಲುಗಾಡಿ, ನೀರು ಹಿಡಿಯುವವರ ಕಾಲಡಿ ಕೆಸರಾಗಿ ಎಷ್ಟು ಕಾಲವಾಗಿತ್ತೋ.

“ಮಾತಾಡೋಕೆ ಹೋಗಿ ಗಾರೆ ಕೆಲಸ ತಗಲಿಹಾಕಿಕೊಂಡೆ,” ಎಂದು ಮಗ ಸಂಜೆ ಅಂಗಡಿಯಿಂದ ಬೇಗ ಬಂದು ಸಿಮೆಂಟು ಕಲಸಿದ. ಕಿಟಕಿಯಲ್ಲಿ ಕೂತ ಅಜ್ಜಿಗೆ ಎಲ್ಲ ಕಾಣುತ್ತಿತ್ತು. ಗುಡಿಸಲಿನ ಒಬ್ಬ ಹೆಂಗಸು, ಯಾವಾಗಲೂ ಹಸಿರು ಶಾಲು ಹೊದ್ದವಳು, ಕೆಲಸದಿಂದ ಬರುತ್ತಾ ನಿಂತು ನೋಡಿದಳು. ಅವಳು ಏನೋ ಹೇಳಿದಳು. ಮಗ ತಲೆ ಎತ್ತಲಿಲ್ಲ. ಅವಳು ಹೋಗಿ ನಾಲ್ಕಾರು ಇಟ್ಟಿಗೆ ತಂದು ಕಟ್ಟೆಯ ಸುತ್ತ ಇಟ್ಟಳು. ಆಗ ಮಗ ತಲೆ ಎತ್ತಿದ.

“ಏನಂದಳೋ?” ಅಜ್ಜಿ ಊಟಕ್ಕೆ ಕೂತಾಗ ಕೇಳಿದರು.

“ಒಣಗೋವರೆಗೂ ಯಾರಾದ್ರೂ ತುಳೀತಾರೆ, ಇಟ್ಟಿಗೆ ಇಡ್ತೀನಿ ಅಂದಳು.”

“ನೀನೇನಂದೆ?”

“ಹೂಂ ಅಂದೆ. ಸಾರು ಹಾಕಮ್ಮ.”

ವಕೀಲಮ್ಮನ ಸರದಿಯೇ ಎಲ್ಲಕ್ಕಿಂತ ಕಷ್ಟವಾದದ್ದು. ಪರದೇಶಿಯನ್ನು ಪ್ರೀತಿಸಬೇಕಲ್ಲ. ಅವಳು ತನ್ನ ಹಳೆಯ ಬಟ್ಟೆಗಳನ್ನು ಇಸ್ತ್ರಿ ಮಾಡಿ, ಚೀಲಕ್ಕೆ ತುಂಬಿ, ಮೈದಾನಕ್ಕೆ ಹೋದಳು. ಹೋದಷ್ಟೇ ಬೇಗ ಚೀಲದ ಸಮೇತ ವಾಪಸು ಬಂದಳು.

“ತಗೊಳ್ಳಲಿಲ್ವಾ?” ಅಜ್ಜಿ ಕೇಳಿದರು.

“ಕೂರಿಸಿದ್ರು. ಟೀ ಕೊಟ್ರು.” ಮೊಮ್ಮಗಳ ಮುಖ ಕೆಂಪಾಗಿತ್ತು. “ಆ ಹಸಿರು ಶಾಲಿನವರು ಬಟ್ಟೆ ಎಲ್ಲಾ ಬಿಚ್ಚಿ ನೋಡಿ, ಚೆನ್ನಾಗಿ ಇಸ್ತ್ರಿ ಮಾಡಿದ್ದೀಯಮ್ಮ ಅಂದ್ರು. ಆಮೇಲೆ ಮಡಿಚಿ ವಾಪಸು ಕೊಟ್ರು. ನಮಗೆ ಬಟ್ಟೆ ಇದೆ, ಗೇಟು ಹಾಕ್ತಾರಂತಲ್ಲ, ಬೆಳಿಗ್ಗೆ ನೀರಿಗೆ ಏನು ಮಾಡೋದು ಅಂತ ನೀನು ಕೇಳಿ ಹೇಳ್ತೀಯಾ ಅಂದ್ರು.”

“ನೀನೇನಂದೆ?”

“ಕೇಳಿ ಹೇಳ್ತೀನಿ ಅಂದೆ.” ಅವಳು ತಂದೆಯ ಕಡೆ ತಿರುಗಿದಳು. “ಅಪ್ಪಾ, ಕೇಳ್ತಿದ್ದೀನಿ. ಅವರು ಏನು ಮಾಡಬೇಕು?”

ತಂದೆ ಉಗುರಿಗೆ ಮೆತ್ತಿದ್ದ ಸಿಮೆಂಟನ್ನು ಕೆರೆಯತೊಡಗಿದ.

*

ಗೇಟು ಬಂದ ಸಂಜೆ ಗಲ್ಲಿಯವರು ನಲ್ಲಿಯ ಹೊಸ ಕಟ್ಟೆಯ ಸುತ್ತಲೇ ಸೇರಿದರು. ಮುಂದಾಳು ಕೊಡೆಯವರು. ಬಿಸಿಲಿರಲಿ ಮೋಡವಿರಲಿ ಕೊಡೆಯಿಲ್ಲದೆ ಹೊರಡದ ಈ ನಿವೃತ್ತ ಗುಮಾಸ್ತರಿಗೆ ಆ ಹೆಸರು ಅಂಟಿಕೊಂಡಿತ್ತು. ಅವರು ಕೆಟ್ಟವರೇನಲ್ಲ. ಅಜ್ಜಿ ಚರ್ಚಿಗೆ ನಡೆದು ಹೋಗುವಾಗ ಎಷ್ಟೋ ಸಲ ತಾವು ಬಿಸಿಲಿನಲ್ಲಿ ನಡೆದು ಕೊಡೆಯನ್ನು ಅಜ್ಜಿಯ ಮೇಲೆ ಹಿಡಿದಿದ್ದರು. ಅವರಿಗೆ ಎಲ್ಲವೂ ಎಲ್ಲಿರಬೇಕೋ ಅಲ್ಲಿರಬೇಕು, ಅಷ್ಟೇ.

“ಬೀಗ ಏನೋ ಗಟ್ಟಿ ಇದೆ,” ಅಂದರು ಅವರು, ಅಜ್ಜಿಯ ಮಗ ತೋರಿಸಲು ತಂದದ್ದನ್ನು ಕೈಯಲ್ಲಿ ತೂಗಿ. “ಆದ್ರೆ ಬೀಗ ಮಾಡಿದವನ ಅಂಗಡೀಲಿ ಎಷ್ಟು ಕೀ ಉಳಿದಿರುತ್ತೋ ಯಾರು ಕಂಡ್ರು? ನಾಳೆ ಇವನ ಮಗಳೇ ಒಂದು ಕೇಳಿದ್ರೆ?”

ಜನ ನಕ್ಕರು. ಮಗನ ಕಿವಿ ಕೆಂಪಾದದ್ದು ಕಿಟಕಿಯಿಂದಲೇ ಅಜ್ಜಿಗೆ ಕಂಡಿತು. ಅವನ ಅಪ್ಪನಿಗೂ ಹಾಗೇ ಆಗುತ್ತಿತ್ತು.

“ಎಲ್ಲರೆದುರಿಗೇ ಹೇಳ್ತೀನಿ ಕೇಳಿ. ಒಂದು ಮನೆಗೆ ಒಂದೇ ಕೀ. ನಮ್ಮ ಮನೆಗೂ ಒಂದೇ. ಅಂಗಡೀಲಿ ನಕಲು ಇಟ್ಕೊಳ್ಳಲ್ಲ. ಇನ್ನೊಂದು ಮಾಡಿಕೊಡು ಅಂತ ಯಾರೇ ಬಂದ್ರೂ ಮಾಡಲ್ಲ, ನಾನೇ ಕಳ್ಕೊಂಡ್ರೂ ಮಾಡಲ್ಲ. ನನ್ನ ಹೆಂಡತಿ ಕೇಳಿದ್ರೂ ಮಾಡಲ್ಲ.”

“ನಾನು ಕೇಳಿದ್ದನ್ನ ಯಾವತ್ತು ಮಾಡಿದ್ದಾರೆ,” ಎಂದಳು ಸೊಸೆ ಬಾಗಿಲಿನಿಂದ. “ಬಚ್ಚಲ ಚಿಲಕ ಕೇಳಿ ಎಷ್ಟು ದಿನ ಆಯ್ತು.”

ನಗು ಇನ್ನೂ ಜೋರಾಯಿತು. ಮೊಮ್ಮಗಳು ಮಾತ್ರ ನಗಲಿಲ್ಲ.

ಆ ಸಂಜೆ ಅವಳು ಓದಿಗೂ ಪ್ರಾರ್ಥನೆಗೂ ಬಂದಳು. ಆಮೆನ್ ಆದ ಮೇಲೆ ಎದ್ದು ನಿಂತಳು.

“ಬೀಗ ಕೊಡಬೇಡ ಅಪ್ಪ. ಇನ್ನೂ ಸಮಯ ಇದೆ.”

“ಕೊಡ್ತೀನಿ ಅಂದಿದ್ದೀನಿ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತಿರಲಿ ಅಂತ ಕರ್ತನೇ ಹೇಳಿದ್ದಾನೆ. ಮಾತು ಕೊಟ್ಟು ನಷ್ಟ ಆದ್ರೂ ಹಿಂದೆ ತೆಗೀಬಾರದು. ನಾಳೆ ಇದನ್ನೇ ಮಾಡಿ ತೋರಿಸ್ತೀನಿ, ನಿಮ್ಮಮ್ಮನ ನಿಯಮದ ಪ್ರಕಾರವೇ.”

“ನಷ್ಟ ಆಗೋದು ನಿನಗಲ್ಲ, ಅವರಿಗೆ.”

“ಮಾತು ನನ್ನದು.”

“ಹಾಗಾದ್ರೆ ಊಟಾನೂ ನಿನ್ನದೇ,” ಎಂದು ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದಿನಿಂದ ಒಲೆಯ ಪಕ್ಕ ನಿಂತೇ ತಿನ್ನತೊಡಗಿದಳು. ಮೇಜಿನಲ್ಲಿ ಅವಳ ಕುರ್ಚಿ ಖಾಲಿ. ತಂದೆ ಆ ಕಡೆ ನೋಡದೆ ಉಣ್ಣುತ್ತಿದ್ದ. ಆದರೆ ಮೊಟ್ಟೆ ಇದ್ದ ದಿನ ತನ್ನ ಪಾಲಿನದನ್ನು ಪಾತ್ರೆಯಲ್ಲೇ ಬಿಟ್ಟೇಳುತ್ತಿದ್ದ. ಅವಳಿಗೆ ಮೊಟ್ಟೆ ಎಂದರೆ ಪ್ರಾಣ. ಅದು ಯಾರ ಪಾಲಿನದೆಂದು ತಿಳಿಯದವಳ ಹಾಗೆ ಅವಳೂ ತಿನ್ನುತ್ತಿದ್ದಳು.

ಮಗ ಗೇಟಿಗೆ ಬೀಗ ಕೂರಿಸಿದ. ಮನೆಮನೆಗೂ ಒಂದೊಂದು ಬೀಗದ ಕೈ ಹಂಚಿದ. ಅವುಗಳ ಅಚ್ಚನ್ನು ಎಲ್ಲರೆದುರಿಗೇ ಸುತ್ತಿಗೆಯಿಂದ ಚಪ್ಪಟೆ ಮಾಡಿದ. ಕೊನೆಯದನ್ನು ತಂದು ಅಜ್ಜಿಯ ಕೈಗೆ ಕೊಟ್ಟ. “ನೀನು ಯಾವಾಗಲೂ ಮನೇಲಿರ್ತೀಯ. ನಿನ್ನ ಹತ್ರಾನೇ ಇರಲಿ. ಸಂಜೆ ನಾನು ಬಂದಾಗ ಕೂಗ್ತೀನಿ, ಯಾರಾದ್ರೂ ಬಂದು ತೆಗೀರಿ.” ಅಂಗಡಿಗೆ ಮೈದಾನದ ದಾರಿಯೇ ಹತ್ತಿರ, ಸುತ್ತು ಬಳಸಿ ಬಂದರೆ ಊಟಕ್ಕೆ ಹೊತ್ತಾಗುತ್ತದೆ.

*

ಗೇಟಿಗೆ ಬೀಗ ಬಿದ್ದ ಮೊದಲ ಬೆಳಿಗ್ಗೆಯೇ ಮನೆಯಲ್ಲಿ ಒಂದು ಗೊಂದಲವಾಯಿತು. ಕುಡಿಯಲು ನೀರಿರಲಿಲ್ಲ.

ಈ ಮನೆಯ ಕುಡಿಯುವ ನೀರಿನ ಪದ್ಧತಿ ಹೀಗೆ: ರಾತ್ರಿ ಮಲಗುವ ಮುಂಚೆ ಸ್ಟೀಲಿನ ಕೊಡವನ್ನು ನಲ್ಲಿಯ ಕೆಳಗೆ ಇಟ್ಟು ಬರುವುದು, ಬೆಳಿಗ್ಗೆ ತುಂಬಿದ ಕೊಡ ಹೊಸ್ತಿಲ ಪಕ್ಕ ಇರುವುದು. ಬಹಳ ದಿನಗಳಿಂದ ಹಾಗೇ ನಡೆದಿತ್ತು. ಇವತ್ತು ಕೊಡ ನಲ್ಲಿಯ ಬಳಿಯೇ ಖಾಲಿ ಇತ್ತು. ಪಕ್ಕದ ಮನೆಯವರು ತಮ್ಮದನ್ನು ತುಂಬಿಸಿಕೊಳ್ಳಲು ಅದನ್ನು ಆಚೆ ಸರಿಸಿ ಹೋಗಿದ್ದರು.

“ರೀ, ಇವತ್ತು ಯಾಕೆ ಕೊಡ ತುಂಬಿಸಲಿಲ್ಲ?” ಎಂದಳು ಸೊಸೆ, ಆಸ್ಪತ್ರೆಗೆ ಹೊರಡುವ ಅವಸರದಲ್ಲಿ.

“ನಾನಾ? ನಾನು ಯಾವತ್ತು ತುಂಬಿಸಿದ್ದೆ? ಅದು ನಿನ್ನ ಮಗಳ ಕೆಲಸ ಅಲ್ವಾ?”

“ನಾನಲ್ಲ,” ಎಂಬ ಮಾತು ಅಡುಗೆಮನೆಯಿಂದ ಬಂತು. “ಅಮ್ಮ ತುಂಬಿಸ್ತಾಳೆ ಅಂದ್ಕೊಂಡಿದ್ದೆ.”

“ನಾನು ಏಳೋಷ್ಟರಲ್ಲಿ ಹೊಸ್ತಿಲಲ್ಲಿ ಇರ್ತಿತ್ತಲ್ಲೇ!”

ಎಲ್ಲರೂ ಸೋಫಾದ ಕಡೆ ತಿರುಗಿದರು. “ನನ್ನ ನೋಡಬೇಡಿ,” ಅಂದ ಅಜ್ಜಿಯ ತಮ್ಮ. “ನಾನು ಬಟಾಣಿ ಮಾತ್ರ.”

ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ಒಂದೇ ಸೂರಿನಡಿ ಐವರು. ಇಷ್ಟು ಕಾಲ ದಿನವೂ ಕುಡಿದ ನೀರು ತಂದಿಟ್ಟದ್ದು ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಮಾರನೇ ದಿನ ಬೆಳಕು ಹರಿಯುವ ಮುಂಚೆ ಎದ್ದು ಕಿಟಕಿಯಲ್ಲಿ ಕೂತರು. ನಲ್ಲಿ ಸುರಿಯುತ್ತಿತ್ತು. ಗೇಟಿನ ಆಚೆ, ಕಬ್ಬಿಣದ ಸರಳುಗಳ ಹಿಂದೆ, ಹಸಿರು ಶಾಲಿನವಳು ಕ್ಯಾನುಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಬಿಸಿಲೇರಿದ ಮೇಲೆ ಕೊಡೆಯವರು ಬಂದು ಬೀಗ ತೆಗೆದರು. ಅಷ್ಟರಲ್ಲಿ ನಲ್ಲಿಯಲ್ಲಿ ದಾರದಷ್ಟು ನೀರು. ಅವಳು ಅದನ್ನೇ ಅರ್ಧ ಕ್ಯಾನು ಹಿಡಿದು, ಕೆಲಸಕ್ಕೆ ಹೊತ್ತಾಯಿತೆಂದು ಓಡಿದಳು.

ಮಾರನೇ ಬೆಳಿಗ್ಗೆ ಅಜ್ಜಿ ಗೋಡೆ ಹಿಡಿದು, ಮೆಟ್ಟಿಲಿಗೊಂದು ನಿಟ್ಟುಸಿರು ಬಿಟ್ಟು, ಕೆಳಗಿಳಿದರು. ಗೇಟಿನ ಬಳಿ ಹೋಗಿ ಬೀಗ ತೆಗೆದರು.

ಹಸಿರು ಶಾಲಿನವಳು ಕ್ಯಾನು ಎತ್ತಿಕೊಂಡು ಒಳಗೆ ಬಂದಳು. ತನ್ನ ಕ್ಯಾನು ಇಡುವ ಮೊದಲು ಸ್ಟೀಲಿನ ಕೊಡವನ್ನು ತೊಳೆದು, ತುಂಬಿಸಿ, ಸೊಂಟಕ್ಕಿಟ್ಟುಕೊಂಡು ಹೊಸ್ತಿಲ ಪಕ್ಕ ಇಟ್ಟು ಬಂದಳು. ಇದೆಲ್ಲ ಬಹಳ ಅಭ್ಯಾಸದ ಕೆಲಸದಂತಿತ್ತು.

“ನೀನೇ ಏನಮ್ಮ ದಿನಾ ತುಂಬಿಸಿಡ್ತಿದ್ದಿದ್ದು?”

“ನಾನು ಬಂದಾಗ ಕೊಡ ಮೊದಲೇ ಇರ್ತಿತ್ತಲ್ಲ ಅಜ್ಜಿ. ಸಾಲಿನಲ್ಲಿ ಮೊದಲಿದ್ದವರಿಗೆ ಮೊದಲು.”

“ಇಡು ಅಂತ ಯಾರು ಹೇಳಿದ್ರು?”

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ತುಂಬಿದ ಮೇಲೆ ಅಲ್ಲೇ ಬಿಟ್ರೆ ಯಾರಾದ್ರೂ ಉರುಳಿಸ್ತಾರಲ್ಲ,” ಅಂದಳು. ಆಮೇಲೆ ಅಜ್ಜಿಯ ಕಾಲು ನೋಡಿ, “ನೀವು ದಿನಾ ಹೀಗೆ ಇಳಿದು ಬರೋಕಾಗುತ್ತಾ?”

“ಆಗಲ್ಲ,” ಅಂದರು ಅಜ್ಜಿ. “ಮಂಡಿ ಕೇಳಲ್ಲ.”

ಆ ಸಂಜೆ ಅಧ್ಯಾಯ ಮುಗಿದು ಆಮೆನ್ ಆದ ಮೇಲೆ ಅಜ್ಜಿ ಮೇಜನ್ನು ಬೆರಳಿನಿಂದ ತಟ್ಟಿದರು. “ನಾನೊಂದು ವಾಕ್ಯ ಎತ್ತಲಾ?”

ನಿಯಮ ಬಂದಾಗಿನಿಂದ ಅವರು ಒಂದನ್ನೂ ಎತ್ತಿರಲಿಲ್ಲ. ಸೊಸೆ ಸಾರಿನ ಸೌಟನ್ನು ಹಾಗೇ ಹಿಡಿದಳು. ಅಡುಗೆಮನೆಯಲ್ಲಿ ಚಮಚದ ಸದ್ದು ನಿಂತಿತು.

“ಪರದೇಶಿಯಾಗಿದ್ದೆ, ನೀವು ನನ್ನನ್ನ ಒಳಗೆ ಕರ್ಕೊಂಡ್ರಿ ಅಂತ ಕೊನೇ ದಿನ ಅರಸನು ಹೇಳ್ತಾನಂತೆ. ಅವರು, ಕರ್ತನೇ ಯಾವಾಗ, ನಮಗೆ ಗೊತ್ತೇ ಆಗಲಿಲ್ಲವಲ್ಲ ಅಂತಾರಂತೆ. ನನಗೆ ಯಾವಾಗಲೂ ಆಶ್ಚರ್ಯ, ಅದು ಹೇಗೆ ಗೊತ್ತಾಗದೆ ಇರುತ್ತೆ ಅಂತ. ಈಗ ಗೊತ್ತಾಯ್ತು. ನಮ್ಮ ಕೊಡ ತುಂಬಿಸ್ತಿದ್ದೋಳು ಆ ಹಸಿರು ಶಾಲಿನ ಹುಡುಗಿ.”

ಮಗ ಎದುರಿದ್ದ ಲೋಟದ ನೀರನ್ನು ನೋಡಿದ.

“ನೀನು ಇದನ್ನ ಮಾಡಿ ತೋರಿಸಬೇಕು ಅಕ್ಕ,” ಅಂದ ತಮ್ಮ ಮೆಲ್ಲಗೆ. “ನಾಳೆ ಊಟದೊಳಗೆ.”

“ಮಾಡಿಯಾಯ್ತು,” ಅಂದರು ಅಜ್ಜಿ. “ಸಂಜೆಯೇ, ಇವನು ಬಂದ ಮೇಲೆ. ವಾಕ್ಯ ಆಮೇಲೆ ನೆನಪಾಯ್ತು.”

ಎಲ್ಲರ ಕಣ್ಣೂ ಅಜ್ಜಿ ಬೀಗದ ಕೈ ತೂಗುಹಾಕುತ್ತಿದ್ದ ಬಾಗಿಲ ಪಕ್ಕದ ಮೊಳೆಗೆ ಹೋಯಿತು. ಅದು ಅಲ್ಲಿರಲಿಲ್ಲ.

“ಅಮ್ಮಾ. ಅದು ನಮ್ಮ ಮನೆ ಕೀ.”

“ಹೌದು ಕಣೋ. ಬೇರೆಯವರ ಮನೇದು ನಾನು ಹೇಗೆ ಕೊಡಲಿ?”

“ಸಂಜೆ ನಾನು ಬರೋದು ಹೇಗೆ?”

ಅಜ್ಜಿ ಯೋಚಿಸಿದರು. ನಿಜ ಹೇಳಬೇಕೆಂದರೆ ಅವರು ಅದನ್ನು ಯೋಚಿಸಿಯೇ ಇರಲಿಲ್ಲ. “ಅದು ನನಗೂ ಗೊತ್ತಿಲ್ಲಪ್ಪ,” ಅಂದರು. “ನೋಡೋಣ.”

*

ಎರಡು ದಿನ ಕಳೆಯುವುದರೊಳಗೆ ಕೊಡೆಯವರು ಬಂದರು. ಕೊಡೆ ಮಡಿಚಿ ಮೂಲೆಗಿಟ್ಟು ಕೂತರು.

“ಏನಪ್ಪಾ ಇದು. ಆ ಹೆಂಗಸು ತಾನೇ ಬೀಗ ತೆಗೆದು ಬರ್ತಾಳೆ, ತಾನೇ ಹಾಕಿ ಹೋಗ್ತಾಳೆ. ಕೀ ಎಲ್ಲಿಂದ ಬಂತು?”

“ನಮ್ಮ ಮನೇದು,” ಅಂದ ಮಗ.

“ವಾಪಸು ಇಸ್ಕೋ. ಇಲ್ಲಾಂದ್ರೆ ಗಲ್ಲಿಯವರಿಗೆ ಏನು ಹೇಳಲಿ? ಏನಾದ್ರೂ ಕಳುವಾದ್ರೆ?”

ಅಡುಗೆಮನೆಯ ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. ಸೊಸೆ ಹೊಲಿಗೆ ನಿಲ್ಲಿಸಿದ್ದಳು. ಅಜ್ಜಿ ಮಗನ ಮುಖ ನೋಡಿದರು. ಈಗ ಅವನೇನು ಹೇಳುತ್ತಾನೋ ಅವರಿಗೂ ಗೊತ್ತಿರಲಿಲ್ಲ. ಅವನಿಗೆ ಗಲ್ಲಿಯಲ್ಲಿ ಹೆಸರಿತ್ತು, ಚರ್ಚಿನ ಸಭೆಯಲ್ಲಿ ಹಿರಿಯನ ಸ್ಥಾನವಿತ್ತು, ಅಂಗಡಿಗೆ ಬರುವವರಲ್ಲಿ ಗಲ್ಲಿಯವರೇ ಹೆಚ್ಚು.

“ಒಂದು ಮನೆಗೆ ಒಂದು ಕೀ ಅಂತ ಹೇಳಿದ್ದೆ,” ಎಂದ ಅವನು, ತೂಗಿ ತೂಗಿ. “ಆ ಕೀಯನ್ನ ಮನೆಯವರು ಏನು ಮಾಡಬೇಕು ಅಂತ ನಾನೂ ಹೇಳಿಲ್ಲ, ನೀವೂ ಹೇಳಿಲ್ಲ. ನಮ್ಮಮ್ಮ ಕೊಟ್ಟಿದ್ದಾಳೆ. ಏನಾದ್ರೂ ಕಳುವಾದ್ರೆ ಮೈದಾನಕ್ಕೆ ಹೋಗಬೇಡಿ, ನೆಟ್ಟಗೆ ನನ್ನ ಅಂಗಡಿಗೆ ಬನ್ನಿ.”

“ಹಾಗಾದ್ರೆ ನಿನಗೆ?”

“ನನಗಿಲ್ಲ.”

“ನೀನು ಬೀಗದವನಲ್ಲವೇನಯ್ಯ? ಇನ್ನೊಂದು ಮಾಡಿಕೋ, ನಾನೇನು ಬೇಡ ಅನ್ನಲ್ಲ.”

“ನಕಲು ಮಾಡಲ್ಲ ಅಂತ ನಿಮ್ಮೆದುರೇ ಹೇಳಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.”

ಕೊಡೆಯವರು ಕೊಡೆಗೆ ಕೈ ಚಾಚಿದರು. “ನಿಮ್ಮ ಮನೆಯವರಿಗೆಲ್ಲ ತಲೆ ಸರಿ ಇಲ್ಲ,” ಎಂದು ಎದ್ದರು. ಬಾಗಿಲಲ್ಲಿ ನಿಂತು, ಅಜ್ಜಿಗೆ, “ಭಾನುವಾರ ಬಿಸಿಲು ಜೋರಿರುತ್ತೆ ಅಮ್ಮಾವ್ರೇ. ಹೊರಡುವಾಗ ಹೇಳಿ ಕಳಿಸಿ,” ಅಂದರು.

ಗಲ್ಲಿಯ ಕೆಲವರು ಆಮೇಲೆ ಬೀಗದ ಕೆಲಸಕ್ಕೆ ಬೇರೆ ಅಂಗಡಿ ಹುಡುಕಿಕೊಂಡರು. ಮಗ ಮನೆಯಲ್ಲಿ ಅದನ್ನು ಹೇಳಲಿಲ್ಲ. ಆದರೆ ಅವನಿಗೆ ಬಿಡುವು ಹೆಚ್ಚಾಗಿ, ಒಂದು ಮಧ್ಯಾಹ್ನ ಮನೆಗೆ ಬಂದು ಬಚ್ಚಲುಮನೆಯ ಚಿಲಕ ಸರಿಮಾಡಿದ. ಸೊಸೆ ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಅವತ್ತು ಅವನ ಸಾರಿಗೆ ಬೆಣ್ಣೆ ಬಿತ್ತು.

ಸಂಜೆ ಅವನು ದೊಡ್ಡ ರಸ್ತೆ ಸುತ್ತಿಕೊಂಡು ಬರುತ್ತಿದ್ದ. ಊಟಕ್ಕೆ ಹೊತ್ತಾಗುತ್ತಿತ್ತು. ಸಾರು ಈಗ ಅದರಿಂದ ಆರುತ್ತಿತ್ತು. “ಇದಕ್ಕೇನು ನಿಯಮ ಮಾಡಲಿ,” ಎಂದು ಸೊಸೆ ನಿಟ್ಟುಸಿರು ಬಿಟ್ಟಳು.

ಒಂದು ಸಂಜೆ ಅಜ್ಜಿ ಕಿಟಕಿಯಲ್ಲಿ ಕೂತಿದ್ದಾಗ ಗೇಟಿನ ಆಚೆ ಅವನು ಕಂಡ. ಮೈದಾನದ ದಾರಿಯಲ್ಲೇ ಬಂದಿದ್ದ. ಕೈಯಲ್ಲಿ ಉಪಕರಣದ ಚೀಲ. ಬೀಗದ ಮುಂದೆ ನಿಂತು ಅದನ್ನೇ ನೋಡಿದ, ತಾನು ಮಾಡಿದ್ದನ್ನು ಹೇಗೆ ಮಾಡಿದೆನೋ ಎಂದು ಯೋಚಿಸುವವನ ಹಾಗೆ.

“ವಕೀಲಮ್ಮ, ಬಾ ಇಲ್ಲಿ,” ಎಂದು ಅಜ್ಜಿ ಪಿಸುಗುಟ್ಟಿದರು. ಮೊಮ್ಮಗಳು ಬಂದು ಕಿಟಕಿಗೆ ಬಾಗಿದಳು.

“ಪಕ್ಕದ ಮನೆಯವರನ್ನ ಕೂಗ್ತಾನೆ ಬಿಡು,” ಅಂದಳು.

ಅವನು ಕೂಗಲಿಲ್ಲ. ಪಕ್ಕದ ಮನೆಯ ದೀಪದ ಕಡೆ ನೋಡಿದ, ತಿರುಗಿ ಗುಡಿಸಲುಗಳ ಕಡೆ ನೋಡಿದ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಆಮೇಲೆ ಮೈದಾನಕ್ಕೆ ನಡೆದು, ಒಂದು ಗುಡಿಸಲಿನ ಮುಂದೆ ನಿಂತು, ತಗಡನ್ನು ಬೆರಳಿನಿಂದ ತಟ್ಟಿದ.

ಹಸಿರು ಶಾಲಿನವಳು ಹೊರಗೆ ಬಂದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು, ಶಾಲಿಗೆ ಒರೆಸಿಕೊಂಡಳು. ಅವನು ಗೇಟಿನ ಕಡೆ ಕೈ ತೋರಿಸಿದ. ಇಬ್ಬರೂ ನಡೆದು ಬಂದರು. ಸಂಜೆ ನಿಶ್ಶಬ್ದವಾಗಿತ್ತು; ಮಾತು ಕಿಟಕಿಯವರೆಗೂ ಕೇಳುತ್ತಿತ್ತು.

ಅವಳು ಬೀಗಕ್ಕೆ ಕೈ ಹಾಕಿದವಳು ನಿಂತಳು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಯಾರ ಮನೆಯವರು?” ಅಂದಳು.

ಅವಳ ಮುಖದಲ್ಲಿ ನಗುವಿತ್ತೋ ಇಲ್ಲವೋ ಆ ಬೆಳಕಿನಲ್ಲಿ ಅಜ್ಜಿಗೆ ಕಾಣಲಿಲ್ಲ. ಮಗನ ಕಿವಿ ಕೆಂಪಾಗಿರಬೇಕು. ಮೊಮ್ಮಗಳು ಅಜ್ಜಿಯ ತೋಳು ಹಿಡಿದುಕೊಂಡಳು.

“ಇದೇ ಕೊನೇ ಮನೆ,” ಅಂದ ಅವನು. “ನೀವು ದಿನಾ ಕೊಡ ತುಂಬಿಸಿಡ್ತೀರಲ್ಲ, ಆ ಮನೆಯವನು.”

“ಹಾಗಾದ್ರೆ ಬನ್ನಿ,” ಎಂದು ಅವಳು ಗೇಟು ತೆಗೆದಳು.

ಅವನು ಒಳಗೆ ಬಂದ ಮೇಲೆ ಅವಳು ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದಳು. ಎಳೆದು ನೋಡುವ ಸದ್ದಿಗೆ ಅವನು ತಿರುಗಿ, ಕೆಲಸ ಬಲ್ಲವರನ್ನು ಕಂಡಾಗ ಮಾಡುವಂತೆ ತಲೆಯಾಡಿಸಿದ.

ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಮೊಮ್ಮಗಳ ತಟ್ಟೆ ಮೇಜಿನ ಮೇಲಿತ್ತು, ಅವಳು ತನ್ನ ಕುರ್ಚಿಯಲ್ಲಿ ಕೂತಿದ್ದಳು. ಯಾರೂ ಅದನ್ನು ಗಮನಿಸಿದಂತೆ ತೋರಿಸಲಿಲ್ಲ. ಅಜ್ಜಿಯ ತಮ್ಮ ಅಧ್ಯಾಯ ಓದಿದ. ಆಮೆನ್ ಆಯಿತು. ಮಗ ಏನೋ ನೆನಪಾದವನ ಹಾಗೆ ತಲೆ ಎತ್ತಿ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಮಾರನೇ ದಿನವನ್ನು ಲೆಕ್ಕ ಹಾಕಿದ.

“ಏನು?” ಅಂದಳು ಅವಳು.

“ಏನಿಲ್ಲ,” ಅಂದ. “ಊಟ ಮಾಡೋಣ. ಬಿಸಿ ಇದೆ.”

ಅಜ್ಜಿ ಬ್ರೆಡ್ಡಿನ ತುಂಡನ್ನು ಅಂಚಿನ ಸಮೇತ ಸಾರಿನಲ್ಲಿ ಅದ್ದಿ, ಅದು ನೆನೆಯುತ್ತದೆಯೇ ಎಂದು ಕುತೂಹಲದಿಂದ ನೋಡುತ್ತಾ ಕೂತರು.